ಊರಾಗ ಕೇಳಿದ್ರೇನು?

ಬೆಳಗಾವಿ ಬಸ್ಸಿನಿಂದ ಯಾರೇ ಇಳಿಯಲಿ, ಅವರ ಚೀಲದ ಬಾಯನ್ನು ಎರಡು ಬೆರಳಲ್ಲಿ ಎತ್ತಿ ಇಣುಕುವುದು ನಮ್ಮ ಅಧ್ಯಕ್ಷೆಯ ಪದ್ಧತಿ. ಖಾನಾಪುರದ ಆಚೆ ನಾನು ಮಾಸ್ತರಿಕೆ ಮಾಡುತ್ತಿದ್ದ ಊರಿನಲ್ಲಿ ಅವರು ಮಹಿಳಾ ಸಂಘದ ಅಧ್ಯಕ್ಷೆ, ನನಗೆ ಬಾಜೂಮನೆಯವರು. ಚೀಲದಲ್ಲಿ ಉಪ್ಪಿನಕಾಯಿ ಕಂಡರೂ ಹೊದೆಯುವ ಕೌದಿ ಕಂಡರೂ ಒಂದೇ ಮಾತು: "ಊರಾಗ ಕೇಳಿದ್ರೇನು?" ಕುಂಬಾರರಿರುವ ಊರಿಗೆ ಬೆಳಗಾವಿಯ ಗಡಿಗೆ ತಂದವರಿಗಂತೂ ಬಿಡುಗಡೆಯೇ ಇರಲಿಲ್ಲ. ಊರಿನವರ ಕೆಲಸಕ್ಕೆ ಊರೇ ಮೊದಲ ಗಿರಾಕಿ ಆಗಬೇಕು ಎನ್ನುವುದು ಅವರ ಹಟ.

ಅವರ ಮಗಳ ಮದುವೆಗೆ ಬೆಳಗಾವಿಯ ವಡಗಾವಿ ಭಾಗದ ಬೀಗರು ಅಲ್ಲಿಂದಲೇ ಬ್ಯಾಂಡು ತರುತ್ತೇವೆ ಎಂದರು. ಇವರು ಒಪ್ಪಲಿಲ್ಲ, ಊರ ಹುಡುಗರನ್ನೇ ಕರೆದರು. ಆ ಹುಡುಗರು ಅದುವರೆಗೆ ಬಾರಿಸಿದ್ದು ಗಣಪತಿ ಹಬ್ಬಕ್ಕೆ ಮಾತ್ರ. ಮದುಮಗ ಕಾರಿನಿಂದ ಇಳಿದದ್ದೇ ತಡ, ಗಣಪತಿಯನ್ನು ನೀರಿಗೆ ಬಿಡುವಾಗಿನ ಹಾಡು ಶುರುವಾಯಿತು.

ಬೀಗಿತಿಯ ಮುಖ ಕಪ್ಪಿಟ್ಟಿತು. "ನನ್ನ ಮಗನ್ನ ಕೆರಿಗೆ ಒಯ್ಯಾಕ ಹತ್ತೀರೇನ್ರಿ?"

ಅಧ್ಯಕ್ಷೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೇಳಿದರು: "ಮದವಿಗೆ ಯಾರರೆ ಕರದ್ರ ಅಲ್ಲೇನ್ರಿ, ಮದವಿ ಹಾಡ ಕಲಿಯೂದು? ಇವತ್ತ ಕರದೀವಿ, ಇನ್ನ ಕಲೀತಾರ. ಬರ್ರಿ, ಉಣ್ಣೂಣು."

ಹೋದ ವರ್ಷ ಅದೇ ಬೀಗರ ಕಿರಿಯ ಮಗನ ಮದುವೆಗೆ ವಡಗಾವಿಗೆ ಹೋಗಿದ್ದೆ. ಓಣಿಯಲ್ಲಿ ಬಾರಿಸುತ್ತಿದ್ದವರು ಅದೇ ಹುಡುಗರು, ಈಗ ಎಲ್ಲವೂ ಮದುವೆಯ ಹಾಡುಗಳೇ. ನೆಂಟರೊಬ್ಬರು ಬೀಗಿತಿಯನ್ನು ಕೇಳಿದರು: "ಬೆಳಗಾವ್ಯಾಗ ಬ್ಯಾಂಡ್ ಸಿಗಲಿಲ್ಲೇನು? ಅಷ್ಟ ದೂರದಿಂದ ಯಾಕ ತರಿಸಿದ್ರಿ?"

ಬೀಗಿತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ತವರಿರುವ ಖಾನಾಪುರದ ದಿಕ್ಕಿಗೆ ಕೈ ಮಾಡಿದರು.

"ಮೊದಲ ನಮ್ಮ ಊರಾಗ ಕೇಳಿದಿವ್ರಿ."