ಚಿತ್ರದ ಮೇಲಿಲ್ಲದ ಚುಕ್ಕಿ

ಚುಕ್ಕಿ ಮೊದಲು ಕಂಡದ್ದು ರಾಣಿಯ ಕೆನ್ನೆಯ ಮೇಲೆ.

ರಾಣಿ ಅಂದರೆ ನನ್ನ ಮುಖಪುಟದ ರಾಣಿ. ಕಾಮಿಕ್ ಪುಸ್ತಕಗಳಿಗೆ ಮುಖಪುಟ ಬರೆಯುವುದು ನನ್ನ ಕಸುಬು. ಕಂಪ್ಯೂಟರಿನಲ್ಲಲ್ಲ, ಬೋರ್ಡಿನ ಮೇಲೆ, ಬಣ್ಣ ಕಲಸಿ, ಕುಂಚ ಹಿಡಿದು. ಹಾಗೆ ಬರೆಯುವವರು ಈಗ ಕಮ್ಮಿ, ಅದಕ್ಕೇ ಇಷ್ಟು ವರ್ಷ ನನಗೆ ಕೆಲಸ ಸಿಕ್ಕಿದೆ. ಯುದ್ಧದ ಚಿತ್ರವಾದರೆ ಹಾರುವ ಧೂಳಿಗೆಂದು ಹಳೇ ಟೂತ್‌ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿ ಹೆಬ್ಬೆರಳಿನಿಂದ ಸಿಡಿಸುತ್ತೇನೆ. ಒಂದು ಹನಿ ಕೆನ್ನೆಗೆ ಹಾರಿರಬೇಕು ಅಂದುಕೊಂಡೆ. ಚರ್ಮದ ಬಣ್ಣ ಹಚ್ಚಿ ಮುಚ್ಚಿದೆ. ಹೋಗಲಿಲ್ಲ. ಇನ್ನೊಂದು ಪದರ ಹಚ್ಚಿದೆ. ಆಗ ಅದು ಕೆನ್ನೆ ಬಿಟ್ಟು ಕಿರೀಟದ ಕಡೆ ಜಾರಿತು.

ಒಣಗಿದ ಬಣ್ಣ ಜಾರುವುದಿಲ್ಲ.

ಮಾರನೇ ಬೆಳಿಗ್ಗೆ ಬಲಗಣ್ಣಿನ ಮೂಲೆಯಲ್ಲಿ ಯಾರೋ ಪರದೆ ಎಳೆದ ಹಾಗೆ ಕತ್ತಲು. ನಾನು ಹೇಳಿ ಮುಗಿಸುವಷ್ಟರಲ್ಲಿ ಗಂಡ ರಘು, ವಿಮಾನದ ರೆಕ್ಕೆಗಳ ಎಂಜಿನಿಯರ್, ಆಸ್ಪತ್ರೆಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ.

"ಈ ವಾರ ಕವರ್ ಕೊಡ್ಬೇಕು ಕಣೋ. ಸಂಜೆ ಹೋಗೋಣ."

"ಕವರ್ ಮನೆ ಹಾಳಾಗ್ಲಿ. ಕಾರ್ ಹತ್ತು."

ಪರದೇಶದ ನಮ್ಮೂರು ಬಾಥೆಲ್‌ನ ಟ್ರಾಫಿಕ್ಕಿನಲ್ಲಿ ಒಂದೊಂದು ಸಿಗ್ನಲ್ಲಿಗೂ ನಾನು ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ. ರೆಟಿನಲ್ ಡಿಟ್ಯಾಚ್‌ಮೆಂಟ್, ಅಂದರೆ ಕಣ್ಣಿನ ಹಿಂದಿನ ಪದರ ಕಳಚಿಕೊಂಡಿದೆ, ನೀವು ಕಂಡ ಚುಕ್ಕಿ ಅದರ ಮುನ್ಸೂಚನೆ, ಸರ್ಜರಿ ಇವತ್ತೇ ಆಗಬೇಕು ಎಂದರು ಡಾಕ್ಟರ್. ಚಿತ್ರ ಬರೆಯುವವಳು ನಾನು, ಮತ್ತೆ ಬರೆಯಬಹುದಾ ಎಂದು ಕೇಳಿದೆ. ಮೊದಲು ದೃಷ್ಟಿ ಉಳಿಸೋಣ, ಗೆರೆಗಳು ನೇರ ಕಾಣುತ್ತವೋ ಇಲ್ಲವೋ ಆಮೇಲೆ ಗೊತ್ತಾಗುತ್ತದೆ ಎಂದರು.

ಗೆರೆ ನೇರ ಕಾಣದಿದ್ದರೆ ನಾನು ಯಾರು?

ಸರ್ಜರಿ ಮಾಡಿ, ಕಣ್ಣೊಳಗೆ ಗ್ಯಾಸ್ ಬಬಲ್ ತುಂಬಿ ಮನೆಗೆ ಕಳಿಸಿದರು. ಆ ಗುಳ್ಳೆ ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ಮುಖ ಸದಾ ಕೆಳಗಿರಬೇಕು. ಊಟ ಮುಖ ಕೆಳಗೆ ಮಾಡಿ. ನಿದ್ದೆ ಬೋರಲು. ಮುಖ ತೂರಿಸಲು ತೂತಿರುವ ಕುರ್ಚಿಯೊಂದನ್ನು ರಘು ಬಾಡಿಗೆಗೆ ತಂದ. ಒಂದು ಕಡೆ ಕೂತವಳಲ್ಲ ನಾನು. ಫೋನಿನಲ್ಲಿ ಮಾತಾಡುವಾಗಲೂ ಮನೆಯೆಲ್ಲ ಸುತ್ತುವವಳು. ಕಾರ್ಪೆಟ್ಟಿನ ನೂಲುಗಳಲ್ಲಿ ಮೂಗು, ಬಾಯಿ ಹುಡುಕಿ ಹುಡುಕಿ ತಲೆ ಕೆಟ್ಟಿತು. ಸಾರು ಆರಿಹೋಗಿದೆ ಎಂದು ರಘು ಮೇಲೆ ಹರಿಹಾಯ್ದೆ. ಬಿಸಿ ಮಾಡಿ ತಂದರೆ ಬಾಯಿ ಸುಟ್ಟಿತೆಂದು ಮತ್ತೆ ಹರಿಹಾಯ್ದೆ. ಪಾಪ, ಅವನು ನೆಲದ ಮೇಲೆ ಅಂಗಾತ ಮಲಗಿ ನನ್ನ ಮುಖ ನೋಡಿಕೊಂಡು ಬೈಸಿಕೊಂಡ.

ಇನ್ನು ತಡೆಯಲಾರದೆ ಬೋರ್ಡನ್ನು ನೆಲಕ್ಕಿಡಿಸಿದೆ. ಬಲಗಣ್ಣಿಗೆ ಪಟ್ಟಿ, ಎಡಗಣ್ಣೊಂದೇ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವೆಂದು ಅವತ್ತೇ ಗೊತ್ತಾಗಿದ್ದು. ನೀರೆಂದು ಕುಂಚವನ್ನು ಕಾಫಿಗೆ ಅದ್ದಿದೆ. ಬೋರ್ಡು ಇನ್ನೂ ದೂರವಿದೆ ಅಂದುಕೊಳ್ಳುವಷ್ಟರಲ್ಲಿ ಕುಂಚ ರಾಣಿಯ ಮೂಗಿಗೆ ಗುದ್ದಿತ್ತು. ಎಸೆದೆ.

ಆವತ್ತು ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್. ಫೋನು ನೆಲದ ಮೇಲೆ, ಅದರಲ್ಲಿ ಅಮ್ಮ.

"ಬಗ್ಗಿಕೊಂಡಿರಕ್ಕೆ ಇಷ್ಟು ಗೋಳೇನೇ? ಧನುರ್ಮಾಸದಲ್ಲಿ ಬೀದಿ ತುಂಬ ರಂಗೋಲಿ ಬಿಡ್ತಿದ್ದೆಯಲ್ಲ, ಆಗ ತಲೆ ಎತ್ತಿದ್ದುಂಟಾ ನೀನು?"

ಸಿಟ್ಟು ಬಂತು. ಆಮೇಲೆ ಮಗಳು ತಾರಾಗೆ ಅಕ್ಕಿಹಿಟ್ಟು ತರಲು ಹೇಳಿದೆ.

ಗ್ಯಾರೇಜಿನ ಸಿಮೆಂಟಿನ ಮೇಲೆ ಮಂಡಿಯೂರಿ ಚುಕ್ಕಿ ಇಟ್ಟೆ. ರಂಗೋಲಿಯ ಉಪಕಾರ ನೋಡಿ, ನೆಲ ಮುಟ್ಟಬೇಕಾಗಿಯೇ ಇಲ್ಲ. ಹಿಟ್ಟು ಬೆರಳಿನಿಂದ ತಾನಾಗಿ ಉದುರುತ್ತದೆ, ದೂರ ಎಷ್ಟಾದರೇನು? ಎಳೆ ಎಳೆದೆ. ಚುಕ್ಕಿಯಿಂದ ಚುಕ್ಕಿಗೆ, ನೇರ. ಕೈಗೆ ಎಲ್ಲ ನೆನಪಿತ್ತು. ನನಗೆ ಅಳು ಬಂತು, ಕಣ್ಣೀರು ನೆಟ್ಟಗೆ ಹಿಟ್ಟಿನ ಮೇಲೆ ಬಿತ್ತು.

"ಅಮ್ಮಾ, ಆರ್ ಯು ಅಲೌಡ್ ಟು ಕ್ರೈ?" ತಾರಾ ಗಾಬರಿಯಿಂದ ಅಪ್ಪನನ್ನು ಕೂಗಿದಳು.

ಗುಳ್ಳೆ ನಿಧಾನಕ್ಕೆ ಕರಗಿತು. ತಲೆ ಎತ್ತಿ ಕೂತ ದಿನ ಎದುರಿದ್ದ ಬಾಗಿಲಿನ ಚೌಕಟ್ಟು ನಡುವೆ ಸೊಂಟ ಬಳುಕಿಸಿ ನಿಂತಿತ್ತು. ಬಲಗಣ್ಣು ಮುಚ್ಚಿದರೆ ಬಾಗಿಲು ನೆಟ್ಟಗೆ. ತೆರೆದರೆ ಡೊಂಕು. ಬರಬರುತ್ತಾ ಸರಿಹೋಗಬಹುದು, ಪೂರ್ತಿ ಆಗದೆಯೂ ಇರಬಹುದು ಎಂದರು ಡಾಕ್ಟರ್.

ಸಂಪಾದಕಿ ಮುಖಪುಟಕ್ಕೆ ಸಮಯ ಕೊಟ್ಟಿದ್ದಳು. ಈಗ ಬೋರ್ಡನ್ನು ಮೇಜಿನ ಮೇಲೆ ಮಲಗಿಸಿ, ದೂರ ತಿಳಿಯಲೆಂದು ಎರಡೂ ಕಣ್ಣು ತೆರೆದು, ಕಿರುಬೆರಳನ್ನು ಅದಕ್ಕೆ ಊರಿ ಬರೆಯುತ್ತೇನೆ. ಕುಂಚ ಗುದ್ದಿದ್ದ ಮೂಗು ಸರಿಮಾಡಿದೆ. ರಾಣಿಯ ಕೈಯ ಈಟಿ ಯಾಕೋ ಡೊಂಕಾಗಿ ಕಂಡಿತು. ಅದನ್ನೂ ತಿದ್ದಿದೆ, ಬಹಳ ಜೋಪಾನವಾಗಿ, ಒಂದಿಡೀ ಮಧ್ಯಾಹ್ನ. ತಾರಾ ಸ್ಕೂಲಿನಿಂದ ಬಂದು ಬ್ಯಾಗೂ ಇಳಿಸದೆ ನೋಡಿದಳು.

"ವೈ ಈಸ್ ದ ಸ್ಪಿಯರ್ ಬೆಂಟ್?"

ಸ್ಕೇಲು ಇಟ್ಟು ನೋಡಿದೆ. ನೆಟ್ಟಗಿದ್ದ ಈಟಿಯನ್ನು ನಾನೇ ಬಗ್ಗಿಸಿದ್ದೆ. ಇಲ್ಲದ ಚುಕ್ಕಿಗೆ ಬಣ್ಣ ಬಳಿದಿದ್ದ ಹಾಗೇ. ಇನ್ನು ನನ್ನ ಕಣ್ಣನ್ನು ನಾನೇ ನಂಬುವ ಹಾಗಿಲ್ಲ ಎಂಬುದು ಸರ್ಜರಿಗಿಂತ ಹೆಚ್ಚು ನೋಯಿಸಿತು.

ಸ್ಕೇಲಿಟ್ಟು ಈಟಿಯನ್ನು ಹೊಸದಾಗಿ ಬರೆದೆ. ಮೊನ್ನೆ ಎಲ್ಲ ಮುಗಿಯಿತು, ಸಹಿಯೊಂದು ಬಾಕಿ. ಕೊನೆಯದಾಗಿ ನೋಡಿದರೆ ಈಟಿ ಮತ್ತೆ ಬಳುಕುತ್ತಿದೆ. ಒಂಚೂರು ತಿದ್ದಿಬಿಡಲೇ ಎಂದು ಕೈ ಕುಂಚದ ಕಡೆ ಹೋಯಿತು. ತಡೆದು, ತಾರಾಳನ್ನು ಕೂಗಿದೆ. ಬಾಯಿ ತುಂಬ ಚಪಾತಿ ಇಟ್ಟುಕೊಂಡೇ ಬಂದಳು. ಒಂದು ಕಣ್ಣು ಮುಚ್ಚಿ ನೋಡಿದಳು, ನಾನು ನೋಡುವ ಹಾಗೆ.

"ಇಟ್ಸ್ ಸ್ಟ್ರೇಟ್, ಅಮ್ಮಾ. ಡೋಂಟ್ ಟಚ್ ಇಟ್."

ಎರಡೂ ಕಣ್ಣು ತೆರೆದಿದ್ದ ನನಗೆ ಆಗಲೂ ಡೊಂಕಾಗಿಯೇ ಕಾಣುತ್ತಿತ್ತು. ಸಹಿ ಹಾಕಿ ಕುಂಚ ತೊಳೆದೆ.