ಕೋಳಿಗೂಡಿನ ಓವರ್‌ಟೈಮ್

ಮಾಕಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಪೀಣ್ಯದ ಫ್ಯಾಕ್ಟರಿಯೊಂದರ ಯೂನಿಯನ್ ಲೀಡರ್ ಆಗಿ ರಿಟೈರ್ ಆದವರು. ಕೋಳಿಗೆ ಜೋಳ ಎರಚುವಾಗಲೂ ಮುಷ್ಟಿ ಮೇಲೆತ್ತಿಯೇ ಎರಚುತ್ತಿದ್ದರು. ಮಾತೆತ್ತಿದರೆ, "ಎಂಟು ಗಂಟೆ ಮೇಲೆ ಒಂದ್ ನಿಮಿಷಾನೂ ದುಡೀಬಾರ್ದು ಕಣ್ರೀ!"

ಚಳಿಗಾಲ ಬಂತು, ಹಗಲು ಕಿರಿದಾಯಿತು, ಮೊಟ್ಟೆ ಕಮ್ಮಿಯಾಯಿತು. ಅವರು ಗೂಡಿನ ಸುತ್ತ ಗೋಣಿಚೀಲ ಕಟ್ಟಿ, ಒಳಗೊಂದು ಬಲ್ಬ್ ಹಾಕಿದರು.

"ಚಳಿಗೆ ಹಾಕಿದ್ರಾ ಸಾರ್?" ಅಂದೆ.

"ಬೆಳಕಿದ್ರೆ ಇನ್ನೂ ಹಗಲು ಅಂದ್ಕೊಂಡು ಮೊಟ್ಟೆ ಇಡ್ತವೆ ಕಣ್ರೀ."

ವಾರ ಕಳೆದರೂ ಒಂದೂ ಇಡಲಿಲ್ಲ. ಅವರು ಗೂಡಿನ ಮುಂದೆ ಕೈಕಟ್ಟಿ ನಿಂತು, ಕೆಂಪು ಹೇಂಟೆಯನ್ನೇ ದಿಟ್ಟಿಸಿದರು. "ಇವಳೇ ಲೀಡರ್. ಮಿಕ್ಕವನ್ನೆಲ್ಲ ಎತ್ತಿಕಟ್ತಿರೋದು ಇವಳೇ."

ಭಾನುವಾರ ಅವರೇ ನಮ್ಮನೆಗೊಂದು ಬಟ್ಟಲು ಸಾರು ತಂದುಕೊಟ್ಟರು.

"ಲೀಡರ್ ಅಲ್ವಾ, ಬೇಯೋಕೆ ಸ್ವಲ್ಪ ಟೈಮ್ ತಗೊಂಡ್ಳು."