ಕಿಟಕಿ ಪಕ್ಕದ ಓದು

ಗೆಳೆಯರೇ, ಇಂದು ಬೆಳಿಗ್ಗೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬರುವ ಬಸ್ಸಿನಲ್ಲಿ ಚೆನ್ನಾಗಿಯೇ ಸಿಕ್ಕಿಬಿದ್ದೆ.

ಮದುವೆಯಾದಾಗ ನಿಂತುಹೋದ ಡಿಗ್ರಿಯನ್ನು ನಲವತ್ತರಲ್ಲಿ ಮುಗಿಸಲು ಹೊರಟಿದ್ದೇನೆ. ಸೋಮವಾರ ಇತಿಹಾಸದ ಪರೀಕ್ಷೆ. ಮನೆ ಮತ್ತು ನಮ್ಮ ಟವೆಲ್ ಅಂಗಡಿಯ ನಡುವೆ ಓದಲು ಸಿಗುವುದು ಬಸ್ಸಿನ ಈ ಒಂದು ಗಂಟೆ ಮಾತ್ರ. ಆದರೆ ಹೊರಗೆ ಜೋಳದ ಹೊಲಗಳ ಮೇಲೆ ಮಂಜು ತೇಲುತ್ತಿತ್ತು. ನಾನೂ ಅದರ ಜೊತೆ ಎಲ್ಲೋ ತೇಲಿಹೋಗಿದ್ದೆ.

ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಅಜ್ಜಿ ಮೊಣಕೈಯಿಂದ ತಿವಿದರು. "ತಂಗಿ, ನಿನ್ನ ಪುಸ್ತಕದಾಗಿನ ರಾಜಾ ಯಾಕ ತಲಿ ಕೆಳಗ ಮಾಡಿ ನಿಂತಾನ?"

ನೋಡಿದರೆ ಪುಸ್ತಕವನ್ನೇ ತಲೆಕೆಳಗಾಗಿ ಹಿಡಿದಿದ್ದೆ! ನಾಚಿಕೊಂಡು ಪರೀಕ್ಷೆಯ ವಿಷಯ ಹೇಳಿದೆ.

"ಹಂಗಾದ್ರ ಏಳು. ಕಿಡಕಿ ಕಡೆ ನಾ ಕೂಡ್ತೀನಿ, ನೀ ಓದು."

ಜಾಗ ಬದಲಾಯಿಸಿದೆವು. ಸ್ವಲ್ಪ ಹೊತ್ತಿಗೆ ಅಜ್ಜಿ ಗಾಜಿಗೆ ಹಣೆಯಾನಿಸಿ, ಹೊಲ ನೋಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು.

ಇಳಿಯುವಾಗ ಕೇಳಿದರು, "ಎಷ್ಟ ಓದಿದಿ?"

"ಎಂಟು ಹಾಳಿ, ಆಯಿ."

"ಛಲೋ ಆತು. ನಾಳಿನೂ ಇದ ಬಸ್ಸಿಗಿ ಬಾ."

ಓದಿಗೊಂದು ಶಿಸ್ತು ಬಂತು ಗೆಳೆಯರೇ. ಕನಸು ಕಾಣುವ ಕೆಲಸವನ್ನು ಮಾತ್ರ ಅಜ್ಜಿ ವಹಿಸಿಕೊಂಡಿದ್ದಾರೆ.